ಅರವತ್ತು ಎಸೆತ, ಆರು ರನ್

ಎಡಗೈ ಸ್ಪಿನ್ ಬೌಲರನ ಆ್ಯಕ್ಷನ್ ಎಂದರೆ ನಾಲ್ಕಾರು ಹೆಜ್ಜೆಯ ಓಟ, ಒಂದು ಸಣ್ಣ ನೆಗೆತ, ಮೈಯ ಒಂದು ತಿರುವು, ಕಡೆಗೆ ತೋರುಬೆರಳಿನ ಒಂದು ಸೆಳೆತ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಆದರೆ ಅದನ್ನು ದಿನಕ್ಕೆ ನೂರಾರು ಸಲ, ವರ್ಷಕ್ಕೆ ಸಾವಿರಾರು ಸಲ, ಎರಡು ದಶಕ ಬಿಡದೆ ಮಾಡಬೇಕು. ಪ್ರತಿ ಸಲವೂ ಚೆಂಡು ಬೌಲರ್ ನೆನೆದ ಜಾಗದಲ್ಲೇ ಬೀಳಬೇಕು. ಗದಗಿನ ಸುನಿಲ್ ಜೋಶಿ ಈ ಕೆಲಸವನ್ನು ಎಷ್ಟು ಚೊಕ್ಕವಾಗಿ ಮಾಡಿದರು ಎಂಬುದಕ್ಕೆ ಒಂದು ಪಂದ್ಯದ ಲೆಕ್ಕ ಉಳಿದಿದೆ: 10 ಓವರ್, 6 ಮೇಡನ್, 6 ರನ್, 5 ವಿಕೆಟ್.

ಅದು 1999ರ ಸೆಪ್ಟೆಂಬರ್ 26, ನೈರೋಬಿಯ ಜಿಮ್‌ಖಾನಾ ಮೈದಾನ. ಎದುರಿಗಿದ್ದದ್ದು ಹ್ಯಾನ್ಸಿ ಕ್ರೊನ್ಯೆ ನಾಯಕತ್ವದ ದಕ್ಷಿಣ ಆಫ್ರಿಕಾ. ಮೂರು ತಿಂಗಳ ಹಿಂದಷ್ಟೇ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದೊಡನೆ ಸಮ ಮಾಡಿಕೊಂಡು ಹೊರಬಿದ್ದಿದ್ದ ಬಲಿಷ್ಠ ತಂಡ. ಗಿಬ್ಸ್, ಕ್ರೊನ್ಯೆ, ರೋಡ್ಸ್ ಅಂಥವರು ಜೋಶಿಗೆ ವಿಕೆಟ್ ಒಪ್ಪಿಸಿದರು. ತಂಡ 117ಕ್ಕೆ ಮುಗಿಯಿತು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಕರ್ನಾಟಕದವರೇ ಆದ ವಿಜಯ್ ಭಾರದ್ವಾಜ್ ಅದೇ ಟೂರ್ನಿಯಲ್ಲಿ ಸರಣಿ ಶ್ರೇಷ್ಠರಾದದ್ದನ್ನೂ ಇಲ್ಲಿ ನೆನೆಯಬೇಕು.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆರು ಓವರ್ ಮೇಡನ್ ಎಂದರೆ 36 ಎಸೆತಗಳಲ್ಲಿ ಒಂದು ರನ್ನೂ ಇಲ್ಲ. ಬಂದ ಆರೂ ರನ್ ಉಳಿದ 24 ಎಸೆತಗಳಿಂದ ಬಂದವು. ಅವೆಲ್ಲ ಒಂಟಿ ರನ್ನೇ ಎಂದುಕೊಂಡರೂ 60ರಲ್ಲಿ 54 ಎಸೆತಕ್ಕೆ ಏನೂ ಹುಟ್ಟಲಿಲ್ಲ. ಒಂದು ದಿನದ ಪಂದ್ಯದಲ್ಲಿ ಬ್ಯಾಟ್ಸ್‌ಮನ್ ಸುಮ್ಮನೆ ನಿಲ್ಲುವಂತಿಲ್ಲ, ಹೊಡೆಯಲೇಬೇಕು. ಹೊಡೆಯಬೇಕೆಂದವನಿಗೆ 54 ಸಲ ಹೊಡೆಯುವ ಚೆಂಡು ಸಿಗಲಿಲ್ಲ ಎಂದರೆ ಅದಕ್ಕೆ ಪಿಚ್ಚಿನ ನೆರವೊಂದೇ ಕಾರಣವಾಗಲಾರದು. ಪಿಚ್ ಎರಡೂ ತಂಡಗಳಿಗೂ ಒಂದೇ. ಅದನ್ನು ಬಳಸಿಕೊಳ್ಳಲು ಚೆಂಡನ್ನು ಒಂದೇ ಅಳತೆಯ ಜಾಗದಲ್ಲಿ ಹಾಕುವ ಕೈ ಬೇಕು.

ಜಿಪುಣತನದ ಬೌಲಿಂಗಿಗೆ ಹಳೆಯ ದಾಖಲೆಗಳೂ ಇವೆ. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು ಬಾಪು ನಾಡಕರ್ಣಿ 32 ಓವರ್‌ಗಳಲ್ಲಿ 27 ಮೇಡನ್ ಹಾಕಿ ಕೊಟ್ಟದ್ದು 5 ರನ್. 1975ರ ವಿಶ್ವಕಪ್ಪಿನಲ್ಲಿ ಪೂರ್ವ ಆಫ್ರಿಕಾ ಎದುರು ಬಿಷನ್ ಸಿಂಗ್ ಬೇಡಿ 12 ಓವರ್‌ಗಳಲ್ಲಿ 6 ರನ್ ಕೊಟ್ಟರು. ಇಬ್ಬರೂ ಎಡಗೈ ಸ್ಪಿನ್ನರ್‌ಗಳೇ. 1992ರಲ್ಲಿ ಸಿಡ್ನಿಯಲ್ಲಿ ಫಿಲ್ ಸಿಮನ್ಸ್ 10 ಓವರಿಗೆ 3 ರನ್ ಕೊಟ್ಟು 4 ವಿಕೆಟ್ ತೆಗೆದರು, ಅದು ಮಧ್ಯಮ ವೇಗ. ಆದರೆ ನಾಡಕರ್ಣಿಯವರ ಆ ಇನಿಂಗ್ಸಿನಲ್ಲಿ ವಿಕೆಟ್ ಇಲ್ಲ, ಬೇಡಿಯವರದರಲ್ಲಿ ಒಂದೇ. ರನ್ನನ್ನೂ ಕಟ್ಟಿಹಾಕಿ ಐದು ಜನರನ್ನೂ ಕಳಿಸಿದ ನೈರೋಬಿಯ ಸ್ಪೆಲ್ ಅವುಗಳ ನಡುವೆ ಬೇರೆಯಾಗಿ ನಿಲ್ಲುತ್ತದೆ.

ಇಂಥ ಬೌಲಿಂಗ್ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಲು ಕಾಲಿನಿಂದ ಶುರುಮಾಡಬೇಕು. ನೋಡುವವರ ಕಣ್ಣು ಮೊದಲು ಕೈಗೆ ಹೋಗುತ್ತದೆ. ಆದರೆ ಕೆಲಸ ಶುರುವಾಗುವುದು ನೆಲದಲ್ಲಿ. ಎಡಗೈ ಬೌಲರನ ಎಡಗಾಲು, ಅಂದರೆ ಹಿಂದಿನ ಕಾಲು, ಕ್ರೀಸಿಗೆ ಅಡ್ಡಲಾಗಿ ಊರುತ್ತದೆ. ಹಾಗೆ ಊರಿದಾಗ ಮೈ ತಾನಾಗಿ ಪಕ್ಕಕ್ಕೆ ತಿರುಗಿ ಬಲ ಭುಜ ಬ್ಯಾಟ್ಸ್‌ಮನ್‌ನ ಕಡೆ ನೋಡುತ್ತದೆ. ಬಲಗೈ ಮೇಲೇರುತ್ತದೆ. ಚೆಂಡಿಲ್ಲದ ಈ ಕೈಯನ್ನು ಹೊಸ ಹುಡುಗರು ಮರೆತೇಬಿಡುತ್ತಾರೆ, ಆದರೆ ಗುರಿ ಹಿಡಿಯುವುದು ಇದೇ. ಅದು ಎತ್ತರಕ್ಕೆ ಹೋಗಿ ನೇರ ಕೆಳಗಿಳಿದರೆ ಹಿಂದೆ ಬರುವ ಎಡಗೈಯೂ ನೇರ ಬರುತ್ತದೆ. ಅದು ಪಕ್ಕಕ್ಕೆ ಬಿದ್ದರೆ ಎಡ ಭುಜ ಜಗ್ಗಿ ಚೆಂಡು ಲೆಗ್ ಸ್ಟಂಪಿನಾಚೆ ಹೋಗುತ್ತದೆ.

ಆಮೇಲೆ ಬಲಗಾಲು ಮುಂದೆ ಬೀಳುತ್ತದೆ. ಇಡೀ ಆ್ಯಕ್ಷನ್ನಿನಲ್ಲಿ ಮುಖ್ಯವಾದ ಘಳಿಗೆ ಇದು. ಓಟದ ವೇಗವನ್ನು ಆ ಕಾಲು ತಡೆದು ನಿಲ್ಲಿಸುತ್ತದೆ, ಮೊಣಕಾಲು ಗಟ್ಟಿಯಾಗುತ್ತದೆ, ಅದರ ಮೇಲೆ ಸೊಂಟ ತಿರುಗುತ್ತದೆ. ಮುಂಗಾಲು ಕುಸಿದರೆ ಸೊಂಟ ತಿರುಗಲು ಆಧಾರ ಇರುವುದಿಲ್ಲ, ಆಗ ಬೌಲರ್ ಭುಜದಿಂದ ಚೆಂಡನ್ನು ತಳ್ಳುತ್ತಾನೆ. ತಳ್ಳಿದ ಚೆಂಡು ಚಪ್ಪಟೆಯಾಗಿ ಹೋಗುತ್ತದೆ, ಸುತ್ತುವುದು ಕಡಿಮೆ. ಸೊಂಟ ಸರಿಯಾಗಿ ತಿರುಗಿದರೆ ಬಲ ಪಾದದ ಮುಂಭಾಗದ ಮೇಲೆ ಇಡೀ ದೇಹ ತಿರುಗಿ, ಎಡ ಸೊಂಟ ಮುಂದೆ ಬಂದು, ಎಡಗೈ ಬಲತೊಡೆಯನ್ನು ದಾಟಿ ಇಳಿಯುತ್ತದೆ. ತಲೆ ಮಾತ್ರ ಇದ್ದಲ್ಲೇ ಇರಬೇಕು. ತಲೆ ಎಡಕ್ಕೆ ಬಾಗಿದರೆ ಕೈ ಓರೆಯಾಗುತ್ತದೆ, ಚೆಂಡು ಕಣ್ಣಿನ ಮಟ್ಟಕ್ಕಿಂತ ಮೇಲೇರುವುದಿಲ್ಲ. ಮೇಲೇರದ ಚೆಂಡಿನಲ್ಲಿ ಬ್ಯಾಟ್ಸ್‌ಮನ್‌ನನ್ನು ಯಾಮಾರಿಸುವ ಗುಣವಿರುವುದಿಲ್ಲ.

ಗಾಲ್ಫ್ ಬಲ್ಲವರು ಈ ವರ್ಣನೆಯನ್ನು ಓದಿದರೆ ಇದು ತಮ್ಮ ಆಟದ ಮಾತೇ ಎನ್ನುತ್ತಾರೆ. ಗಾಲ್ಫಿನ ಚರಿತ್ರೆಯಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಅಮೆರಿಕದ ಬೆನ್ ಹೋಗನ್ ಅವರ ಸ್ವಿಂಗ್. ಕೋಲನ್ನು ಹಿಂದಕ್ಕೆ ಎತ್ತಿ, ಕೆಳಗೆ ಬೀಸಿ, ನೆಲದ ಮೇಲಿನ ಚೆಂಡನ್ನು ಹೊಡೆಯುವ ಆ ಚಲನೆಯನ್ನು ಅವರು 1957ರಲ್ಲಿ ಒಂದು ಪುಸ್ತಕದಲ್ಲಿ ಬಿಡಿಸಿ ವಿವರಿಸಿದರು. ಕೆಳಗಿನ ಬೀಸು ಕೈಯಿಂದಲ್ಲ, ಸೊಂಟದ ತಿರುವಿನಿಂದ ಶುರುವಾಗಬೇಕು ಎಂಬುದು ಅದರ ಮುಖ್ಯ ಪಾಠಗಳಲ್ಲಿ ಒಂದು. ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ, ಅಲ್ಲಿಂದ ಎದೆ, ಭುಜ, ತೋಳು, ಮಣಿಕಟ್ಟು ಹೀಗೆ ಬಲ ಒಂದರಿಂದೊಂದಕ್ಕೆ ದಾಟುತ್ತದೆ; ದಾಟುತ್ತ ವೇಗ ಹೆಚ್ಚುತ್ತದೆ. ಗಾಲ್ಫಿನಲ್ಲಿ ಆ ವೇಗ ಕೋಲಿನ ತುದಿಗೆ ಸೇರಿ 45.93 ಗ್ರಾಂ ಮೀರದ ಚೆಂಡಿನ ಮೇಲೆ ಬೀಳುತ್ತದೆ. ಎಡಗೈ ಸ್ಪಿನ್ನಿನಲ್ಲಿ ಅದು ತೋರುಬೆರಳಿಗೆ ಸೇರಿ 156ರಿಂದ 163 ಗ್ರಾಂ ತೂಗುವ ಚೆಂಡನ್ನು ತಿರುಗಿಸುತ್ತದೆ. ಗಾಲ್ಫಿನವನ ಚೆಂಡು ನಿಂತಿರುತ್ತದೆ, ಎದುರಾಳಿ ಅದಕ್ಕೆ ಅಡ್ಡ ಬರುವುದಿಲ್ಲ. ಬೌಲರನ ಚೆಂಡಿಗೆ ಇಪ್ಪತ್ತೆರಡು ಗಜದಾಚೆ ಬ್ಯಾಟು ಹಿಡಿದವನೊಬ್ಬ ಕಾದಿರುತ್ತಾನೆ. ಇಷ್ಟು ವ್ಯತ್ಯಾಸವಿದ್ದರೂ ಇಬ್ಬರ ಪರೀಕ್ಷೆ ಒಂದೇ: ಚಲನೆಯನ್ನು ಮತ್ತೆ ಮತ್ತೆ ಹಾಗೆಯೇ ಮಾಡಬಲ್ಲರೇ? 1949ರಲ್ಲಿ ಬಸ್ಸಿಗೆ ಡಿಕ್ಕಿಯಾಗಿ ಮೈಯೆಲ್ಲ ಮುರಿದುಕೊಂಡ ಹೋಗನ್ 1950ರಲ್ಲಿ ಮೆರಿಯನ್ ಮೈದಾನದಲ್ಲಿ ಅಮೆರಿಕನ್ ಓಪನ್ ಗೆದ್ದದ್ದು ಈ ಪುನರಾವರ್ತನೆಯ ಬಲದಿಂದಲೇ. ಅಲ್ಲಿ ಹೈ ಪೆಸ್ಕಿನ್ ತೆಗೆದ ಪ್ರಸಿದ್ಧ ಚಿತ್ರ ಹೋಗನ್ ಅವರನ್ನು ಹಿಂದಿನಿಂದ ತೋರಿಸುತ್ತದೆ. ಚೆಂಡು ಹೋದ ಮೇಲಿನ ಭಂಗಿ ಅದು. ಸ್ವಿಂಗ್ ಸರಿಯಿತ್ತೇ ಎಂಬುದನ್ನು ಆ ಭಂಗಿಯೇ ಹೇಳುತ್ತದೆ. ಎಡಗೈ ಬೌಲರನನ್ನು ತೂಗಿ ನೋಡಲೂ ಅದೇ ಜಾಗ, ಅದೇ ಘಳಿಗೆ ಸರಿ.

ಇನ್ನು ಬೆರಳು. ತೋರುಬೆರಳಿನ ಮೊದಲ ಗಿಣ್ಣು ಚೆಂಡಿನ ಹೊಲಿಗೆಗೆ ಅಡ್ಡಲಾಗಿ ಕೂರುತ್ತದೆ, ನಡುಬೆರಳು ಅದರಿಂದ ಸ್ವಲ್ಪ ದೂರ ಅಗಲುತ್ತದೆ, ಉಂಗುರ ಬೆರಳು ಆಸರೆ, ಹೆಬ್ಬೆರಳು ಸುಮ್ಮನೆ ತಾಗಿರುತ್ತದೆ. ಬಿಡುವಾಗ ತೋರುಬೆರಳು ಹೊಲಿಗೆಯನ್ನು ಕೆಳಕ್ಕೆಳೆಯುತ್ತದೆ, ಮಣಿಕಟ್ಟು ಅದರ ಜೊತೆ ಹೊರಳುತ್ತದೆ. ವರ್ಷಾನುಗಟ್ಟಲೆ ಎಸೆದವರ ಆ ಬೆರಳಿನ ಚರ್ಮ ಒಡೆದು ಗಂಟು ಕಟ್ಟುತ್ತದೆ. ಸುತ್ತು ಹೆಚ್ಚಿದಷ್ಟು ಗಾಳಿಯಲ್ಲಿ ಚೆಂಡಿನ ನಡೆ ಬದಲಾಗುತ್ತದೆ. ಮುಂದಕ್ಕೆ ಉರುಳುವ ಸುತ್ತು ಇದ್ದರೆ ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಕುಸಿಯುತ್ತದೆ. ಪಕ್ಕಕ್ಕೆ ಸುತ್ತಿದರೆ ಬಲಗೈ ಬ್ಯಾಟ್ಸ್‌ಮನ್‌ನ ಕಾಲಿನತ್ತ ಸರಿಯುತ್ತ ಬಂದು, ಬಿದ್ದ ಮೇಲೆ ಆಫ್ ಕಡೆಗೆ ತಿರುಗುತ್ತದೆ. ಒಂದೇ ಚೆಂಡು ಗಾಳಿಯಲ್ಲಿ ಒಳಗೂ ನೆಲದಿಂದ ಹೊರಗೂ ಹೋಗುವುದರಿಂದ ಬ್ಯಾಟಿನ ಎರಡೂ ಅಂಚು ಅಪಾಯಕ್ಕೆ ಸಿಗುತ್ತವೆ. ಜೊತೆಗೆ ಆರ್ಮ್ ಬಾಲ್ ಇದೆ: ಅದೇ ಆ್ಯಕ್ಷನ್, ಆದರೆ ಹೊಲಿಗೆ ನೆಟ್ಟಗೆ ನಿಂತು, ಚೆಂಡು ತಿರುಗದೆ ಕೈ ಹೋದ ದಿಕ್ಕಿಗೇ ಹೋಗುತ್ತದೆ. ತಿರುಗುತ್ತದೆಂದು ಬ್ಯಾಟನ್ನು ಹೊರಗಿಟ್ಟವನ ಪ್ಯಾಡಿಗೋ ಸ್ಟಂಪಿಗೋ ತಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಚೆಂಡು ಇಪ್ಪತ್ತೆರಡು ಗಜದ ದೂರವನ್ನು ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಇವೆರಡರಲ್ಲಿ ಯಾವುದು ಎಂದು ತೀರ್ಮಾನಿಸಲು ಬ್ಯಾಟ್ಸ್‌ಮನ್‌ಗೆ ಸಿಗುವ ಕಾಲ ಅಷ್ಟೇ.

ಇಷ್ಟೆಲ್ಲ ಕೌಶಲವಿದ್ದರೂ ಅಳತೆ ತಪ್ಪಿದರೆ ಲಾಭವಿಲ್ಲ. ಒಂದು ಗೇಣು ಚಿಕ್ಕದಾದರೆ ಬ್ಯಾಟ್ಸ್‌ಮನ್ ಹಿಂದೆ ಸರಿದು ಕಟ್ ಮಾಡುತ್ತಾನೆ, ಒಂದು ಗೇಣು ಉದ್ದವಾದರೆ ಮುಂದೆ ಬಂದು ಎತ್ತಿ ಹೊಡೆಯುತ್ತಾನೆ. ಎರಡರ ನಡುವಿನ ಜಾಗ ಒಂದು ಚಾಪೆಯಷ್ಟೂ ಇಲ್ಲ. ಎರಿ ಹೊಲದಲ್ಲಿ ಕೂರಿಗೆ ಹಿಡಿದ ರೈತ ಹೇಗೆ ಸಾಲಿನಿಂದ ಸಾಲಿಗೆ ಅಂತರ ಕೆಡಿಸದೆ, ಆಳ ಕೆಡಿಸದೆ ಬಿತ್ತುತ್ತಾನೋ ಹಾಗೆ ಜೋಶಿ ಆ ಜಾಗದಲ್ಲಿ ಚೆಂಡು ಹಾಕಿದರು. ನಿಖರತೆಯನ್ನು ಕೆಲವರು ಪ್ರತಿಭೆಗಿಂತ ಕೆಳಗಿಡುತ್ತಾರೆ. ಅದು ಸರಿಯಲ್ಲ. ತಿರುಗಿಸಬಲ್ಲ ಬೌಲರ್‌ಗಳು ಊರೂರಿನಲ್ಲಿ ಸಿಗುತ್ತಾರೆ. ತಿರುಗಿಸುತ್ತಲೇ ಜಾಗ ಬಿಡದವರು ಒಂದು ತಲೆಮಾರಿಗೆ ಕೆಲವರಷ್ಟೇ.

ಕೂರಿಗೆಯ ನೆಲವನ್ನು ಈ ಮಾತಿಗೆ ತಂದದ್ದಕ್ಕೆ ಇನ್ನೊಂದು ಕಾರಣವಿದೆ. 1970ರಲ್ಲಿ ಜೋಶಿ ಹುಟ್ಟಿದಾಗ ಗದಗ ಧಾರವಾಡ ಜಿಲ್ಲೆಯದೇ ಊರು. 1997ರಲ್ಲಿ ಅದು ಬೇರೆ ಜಿಲ್ಲೆಯಾಯಿತು. ಶಾಲೆಯ ದಿನಗಳಲ್ಲಿ ಅವರು ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ತಿರುಗಿ ಗದಗಿಗೆ ಬಂದು ಶಾಲೆ ಸೇರುತ್ತಿದ್ದರು ಎಂಬುದು ಅವರ ಬಗ್ಗೆ ಬರೆದವರು ತಪ್ಪದೆ ಹೇಳುವ ಸಂಗತಿ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹುಲಕೋಟಿ, ಅಣ್ಣಿಗೇರಿ, ಹೆಬಸೂರು ದಾಟಿ ಹೋಗುವ ಆ ದಾರಿಯ ಎರಡೂ ಬದಿ ಕಪ್ಪು ಎರಿ ಹೊಲ: ಹಿಂಗಾರಿನ ಕಡಲೆ, ಜೋಳ, ಕುಸುಬೆ, ಹತ್ತಿ. ಅಂದಿಗೆ ಅಣ್ಣಿಗೇರಿ ನವಲಗುಂದ ತಾಲೂಕಿನ ಊರು. ಕ್ರಿಕೆಟ್ ಕಲಿಯಬೇಕೆಂದವನು ಈ ಬಯಲನ್ನು ದಾಟಿ ಪಟ್ಟಣಕ್ಕೆ ಹೋಗಲೇಬೇಕಿತ್ತು, ಏಕೆಂದರೆ ನೆಟ್ಸ್, ಹೊಲಿಗೆಯ ಚೆಂಡು, ಹದ ಮಾಡಿದ ಪಿಚ್, ತಿದ್ದುವ ಕಣ್ಣು ಎಲ್ಲವೂ ಅಲ್ಲೇ ಇದ್ದವು.

ಕಪ್ಪು ಮಣ್ಣಿಗೂ ಸ್ಪಿನ್ನಿಗೂ ನೇರ ಸಂಬಂಧವಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಎರಿಯಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಕಲಘಟಗಿಯ ಕಡೆ ಮಲೆನಾಡು ಸಮೀಪಿಸಿದಂತೆ ಮಳೆ ಹೆಚ್ಚಿ ಮಣ್ಣು ಕೆಂಪಾಗುತ್ತದೆ. ಇಲ್ಲಿನವರು ಮಸಾರಿ ಎನ್ನುವುದು ಆ ಬಗೆಯ ಮಣ್ಣಿಗೆ. ಪಿಚ್ ಕಟ್ಟುವವರೂ ಇದೇ ಎರಡು ಮಣ್ಣುಗಳ ನಡುವೆ ಆಯ್ದುಕೊಳ್ಳುತ್ತಾರೆ. ಕಪ್ಪು ಮಣ್ಣಿನ ಪಿಚ್ ಬಿಗಿಯಾಗಿ ಕೂರುತ್ತದೆ, ಚೆಂಡು ಸಾಮಾನ್ಯವಾಗಿ ನಿಧಾನವಾಗಿ, ತಗ್ಗಾಗಿ ಬರುತ್ತದೆ. ಕೆಂಪು ಮಣ್ಣಿನದರಲ್ಲಿ ಚೆಂಡು ಪುಟಿಯುತ್ತದೆ, ಮೇಲ್ಮೈ ಬೇಗ ಸಡಿಲವಾಗುತ್ತದೆ. ಮುಂಬೈಯ ವಾಂಖೆಡೆ ಅದಕ್ಕೆ ಹೆಸರಾದದ್ದು. ತಗ್ಗಾಗಿ ಬರುವ ಪಿಚ್ಚಿನಲ್ಲಿ ಸ್ಪಿನ್ನರ್‌ಗೆ ಪುಟಿತದ ನೆರವು ಸಿಗುವುದಿಲ್ಲ. ಅಲ್ಲಿ ಎಲ್ಲವನ್ನೂ ಅಳತೆಯಿಂದಲೇ ಗಳಿಸಬೇಕು, ಸ್ಟಂಪಿಗೆ ಸಮೀಪ ಎಸೆಯಬೇಕು, ಬ್ಯಾಟ್ಸ್‌ಮನ್ ತಪ್ಪುವವರೆಗೆ ಕಾಯಬೇಕು. ಈ ಭಾಗದ ಬೌಲರನಿಗೆ ತಾಳ್ಮೆ ಮೊದಲ ಪಾಠವಾಗುವುದು ಸಹಜ.

ಹಳ್ಳಿಯ ಆಟದಲ್ಲಿ ಈ ಪಾಠ ಸಿಗುವುದು ಕಷ್ಟ ಎಂಬುದನ್ನೂ ಹೇಳಬೇಕು. ಕಡಲೆ ಕಿತ್ತು ಹೊಲ ಬರಿದಾದ ಮೇಲೆ, ಇಲ್ಲವೇ ಶಾಲೆಯ ಬಯಲಿನಲ್ಲಿ ನಡೆಯುವುದು ಟೆನಿಸ್ ಚೆಂಡಿನ ಕ್ರಿಕೆಟ್. ಆ ಚೆಂಡಿಗೆ ಎದ್ದ ಹೊಲಿಗೆ ಇಲ್ಲ, ತೂಕವಿಲ್ಲ. ಬೆರಳು ಹಿಡಿಯಲು ಏನೂ ಇಲ್ಲದಾಗ ಹುಡುಗರು ವೇಗಕ್ಕೆ ಮೊರೆಹೋಗುತ್ತಾರೆ ಅಥವಾ ಚೆಂಡನ್ನು ಹಿಸುಕಿ ಬಿಟ್ಟು ತಿರುಗಿಸುತ್ತಾರೆ. ಆ ಜಾಣ್ಮೆ ಹೊಲಿಗೆಯ ಚೆಂಡಿಗೆ ಬರುವುದಿಲ್ಲ. ಜೊತೆಗೆ ಆರು ಓವರ್, ಎಂಟು ಓವರಿನ ಪಂದ್ಯದಲ್ಲಿ ಒಬ್ಬನಿಗೆ ಸಿಗುವುದು ಒಂದೋ ಎರಡೋ ಓವರ್. ಸ್ಪಿನ್ನರ್ ಆಗಲು ಬೇಕಾದದ್ದು ಎಸೆತಗಳ ರಾಶಿ. ಅದು ಅಲ್ಲಿ ಕೂಡುವುದಿಲ್ಲ. ಆದರೆ ಆ್ಯಕ್ಷನ್ನಿನ ಅರ್ಧ ಭಾಗಕ್ಕೆ ಚೆಂಡೂ ಬೇಡ, ಪಿಚ್ಚೂ ಬೇಡ. ಹಿಂಗಾಲು ಅಡ್ಡ ಊರುವುದು, ಚೆಂಡಿಲ್ಲದ ಕೈ ಎತ್ತುವುದು, ಮುಂಗಾಲಿನ ಮೇಲೆ ಸೊಂಟ ತಿರುಗಿಸುವುದು ಇವನ್ನು ಕಣದಲ್ಲೂ ಅಂಗಳದಲ್ಲೂ ಅಭ್ಯಾಸ ಮಾಡಬಹುದು. ಊರಿನ ದೈಹಿಕ ಶಿಕ್ಷಕರು ಇಷ್ಟನ್ನು ಗಮನಿಸಿ ತಿದ್ದಿದರೆ, ಮುಂದೆ ಆ ಹುಡುಗ ಹುಬ್ಬಳ್ಳಿಯ ನೆಟ್ಸಿಗೆ ಹೋದಾಗ ಕಟ್ಟಿದ್ದನ್ನು ಕೆಡವಿ ಕಟ್ಟುವ ಕಷ್ಟ ತಪ್ಪುತ್ತದೆ.

ಜೋಶಿಯವರ ಮುಂದಿನ ಹಾದಿ ಬೇಗ ಹೇಳಬಹುದಾದದ್ದು. 1995-96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಒಂದೇ ಋತುವಿನಲ್ಲಿ ಎರಡನ್ನೂ ಕೂಡಿಸುವುದು ಅಪರೂಪದ ಸಾಧನೆ. ಕರ್ನಾಟಕ ಆ ವರ್ಷ ರಣಜಿ ಗೆದ್ದಿತು, 1997-98 ಮತ್ತು 1998-99ರಲ್ಲಿ ಮತ್ತೆ ಗೆದ್ದಿತು. 1996ರ ಜೂನಿನಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ ಅವರ ಮೊದಲ ಟೆಸ್ಟ್. ಆ ಹನ್ನೊಂದರಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಜೋಶಿ ಹೀಗೆ ಕರ್ನಾಟಕದ ನಾಲ್ವರು ಬೌಲರ್‌ಗಳಿದ್ದರು. ಕನ್ನಡಿಗರು ಹೆಮ್ಮೆಪಡಬೇಕಾದ ತಂಡ ಅದು. ಆದರೆ ಆ ಪಂದ್ಯದಲ್ಲೇ ಜೋಶಿಯವರ ಬೆರಳು ಮುರಿಯಿತು. ಕಾಲು, ಸೊಂಟ, ಭುಜ ಎಲ್ಲ ಸರಿಯಿದ್ದೂ ಕೊನೆಯ ಕೊಂಡಿ ಕೈಕೊಟ್ಟರೆ ಸ್ಪಿನ್ನರ್ ನಿಲ್ಲಲೇಬೇಕು.

2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊದಲ ಟೆಸ್ಟ್ ಆಡಿತು. ಸೌರವ್ ಗಂಗೂಲಿ ನಾಯಕರಾಗಿ ಆಡಿದ ಮೊದಲ ಟೆಸ್ಟೂ ಅದೇ. ಬಾಂಗ್ಲಾದೇಶ ಮೊದಲ ಇನಿಂಗ್ಸಿನಲ್ಲಿ 400 ಮಾಡಿದಾಗ ಜೋಶಿ 142 ರನ್ನಿಗೆ 5 ವಿಕೆಟ್ ತೆಗೆದರು. ಆಮೇಲೆ ಎಡಗೈಯಲ್ಲೇ ಬ್ಯಾಟು ಬೀಸಿ 92 ರನ್ ಹೊಡೆದರು. ಎದುರಾಳಿ ಎರಡನೇ ಸರದಿಯಲ್ಲಿ 91ಕ್ಕೆ ಕುಸಿದಾಗ ಇನ್ನೂ ಮೂರು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ನೈರೋಬಿಯ ಆರು ರನ್ನಿನ ಪಕ್ಕದಲ್ಲಿ ಈ 142ನ್ನು ಇಟ್ಟು ನೋಡುವುದು ಒಳ್ಳೆಯದು. ಬ್ಯಾಟ್ಸ್‌ಮನ್‌ಗಳು ಬೇರೂರಿ ಆಡಿದ ದಿನ ಅದೇ ಆ್ಯಕ್ಷನ್ನನ್ನು ನಲವತ್ತಕ್ಕೂ ಹೆಚ್ಚು ಓವರ್ ದುಡಿಸಬೇಕಾಗುತ್ತದೆ, ರನ್ ಹೋದರೂ ಕೈ ಬದಲಿಸದೆ ಇರಬೇಕಾಗುತ್ತದೆ. ಬಲದಿಂದ ಎಸೆಯುವವನ ಭುಜ ಅಷ್ಟು ಹೊತ್ತಿಗೆ ಸೋಲುತ್ತದೆ. ದೇಹದ ತಿರುವಿನಿಂದ ಎಸೆಯುವವನು ಸಂಜೆಯವರೆಗೂ ಬೆಳಗಿನ ಅಳತೆಯಲ್ಲೇ ಇರುತ್ತಾನೆ.

ಅವರು ಆಡಿದ್ದು 15 ಟೆಸ್ಟ್, ಗಳಿಸಿದ್ದು 41 ವಿಕೆಟ್. ಒಂದು ದಿನದ ಪಂದ್ಯಗಳಲ್ಲಿ 69 ಆಟಕ್ಕೆ 69 ವಿಕೆಟ್. ಕುಂಬ್ಳೆ ಒಂದು ತುದಿಯನ್ನು ಖಾಯಂ ಹಿಡಿದಿದ್ದ ಕಾಲದಲ್ಲಿ ಎರಡನೇ ಸ್ಪಿನ್ನರ್‌ನ ಜಾಗಕ್ಕೆ ಪೈಪೋಟಿ ಬಹಳವಿತ್ತು. ಅವರ ಅಳತೆ ಇನ್ನೂ ಹೆಚ್ಚು ಟೆಸ್ಟ್‌ಗಳಿಗೆ ಯೋಗ್ಯವಾಗಿತ್ತು ಎಂದು ಹೇಳಲು ಸಂಕೋಚ ಬೇಕಿಲ್ಲ. ಅದಕ್ಕೆ ಸಾಕ್ಷಿ ದೇಶೀಯ ಕ್ರಿಕೆಟ್ಟಿನಲ್ಲಿದೆ: ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5,000ಕ್ಕೂ ಹೆಚ್ಚು ರನ್, ಸುಮಾರು ಎರಡು ದಶಕದ ಆಟ. ಆಮೇಲೆ ತರಬೇತಿಗೆ ತೊಡಗಿ ಬಾಂಗ್ಲಾದೇಶ ತಂಡಕ್ಕೆ ಸ್ಪಿನ್ ಕಲಿಸಿದರು, 2020ರಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಈಗ ರಣಜಿ ಪಂದ್ಯಗಳು ಬರುತ್ತವೆ. ಕುಂದಗೋಳದಿಂದಲೋ ಅಣ್ಣಿಗೇರಿಯಿಂದಲೋ ಹೋಗಿ ಎಡಗೈ ಸ್ಪಿನ್ನರ್ ಒಬ್ಬನನ್ನು ನೋಡುವವರು ಬೌಲರನ ಬೆನ್ನ ಹಿಂದಿನ ಕಡೆ ಕೂರುವುದು ಒಳ್ಳೆಯದು. ಮೊದಲ ಓವರ್ ಪೂರ್ತಿ ಬಲ ಪಾದವನ್ನು ನೋಡಬೇಕು: ಊರಿ ತಿರುಗುತ್ತದೋ, ಊರಿ ಜಾರುತ್ತದೋ. ಎರಡನೆಯದರಲ್ಲಿ ಸೊಂಟ ಮತ್ತು ಮೇಲೆತ್ತಿದ ಬಲಗೈ. ಮೂರನೆಯದರಲ್ಲಿ ಚೆಂಡಿನ ಹೊಲಿಗೆ ಸ್ಲಿಪ್ಪಿನ ಕಡೆ ಮುಖ ಮಾಡಿದೆಯೇ, ಇಲ್ಲ ನೆಟ್ಟಗಿದೆಯೇ ಎಂಬುದು. ನಾಲ್ಕನೇ ಓವರಿನ ಹೊತ್ತಿಗೆ ಆರ್ಮ್ ಬಾಲ್ ಯಾವಾಗ ಬರುತ್ತದೆಂದು ಬ್ಯಾಟ್ಸ್‌ಮನ್‌ಗಿಂತ ಮೊದಲೇ ತಿಳಿಯತೊಡಗುತ್ತದೆ.